ಅಪ್ಪ-ಅಮ್ಮನ ಹೊಡೆದಾಟದ ನಡುವೆ ಬೆಳೆಯುವ ಮಗು: ಏನನ್ನು ಗಮನಿಸಬೇಕು, ಯಾವುದನ್ನು ಮೊದಲು ಮಾಡಬೇಕು

"ಹೊಡೆಯೋದು ನನಗೆ ಮಾತ್ರ, ಮಕ್ಕಳ ಮೈ ಮುಟ್ಟಲ್ಲ. ಅವರಿಗೂ ತೊಂದರೆ ಆಗುತ್ತಾ?" "ಮಗು ಮಲಗಿತ್ತು, ಅದಕ್ಕೇನೂ ಗೊತ್ತಾಗಿಲ್ಲ ಅಲ್ವಾ?" "ಮಕ್ಕಳ ಮುಖ ನೋಡ್ಕೊಂಡು ಸಹಿಸ್ಕೊಂಡಿರೋದೇ ಒಳ್ಳೇದಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ತಾಯಂದಿರ ಜೊತೆಗೆ ಅಜ್ಜಿಯರು, ಸೋದರಮಾವಂದಿರು, ಶಾಲೆಯ ಮೇಷ್ಟ್ರುಗಳೂ ಇದ್ದಾರೆ. ಮೂರಕ್ಕೂ ನೇರ ಉತ್ತರ ಹೀಗಿದೆ: ತೊಂದರೆ ಆಗುತ್ತದೆ, ಮಗುವಿಗೆ ಗೊತ್ತಾಗಿರುತ್ತದೆ, ಸುಮ್ಮನೆ ಸಹಿಸಿಕೊಂಡಿದ್ದರೆ ಮಗುವಿಗೆ ರಕ್ಷಣೆ ಸಿಗುವುದಿಲ್ಲ.

ಇದು ಎಲ್ಲೋ ಒಂದೆರಡು ಮನೆಯ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ. 29.3. ಈ ಮನೆಗಳಲ್ಲಿ ಮಕ್ಕಳೂ ಇದ್ದಾರೆ. ಕೆಲವು ಮನೆಗಳಲ್ಲಿ ಹೊಡೆಸಿಕೊಳ್ಳುವವರು ಗಂಡಸರೂ ಇರಬಹುದು. ಮಗುವಿನ ಮಟ್ಟಿಗೆ ಇಲ್ಲಿನ ಮಾತುಗಳು ಅಲ್ಲಿಗೂ ಅನ್ವಯಿಸುತ್ತವೆ.

ಈ ಹೊತ್ತಿನಲ್ಲೇ ಮನೆಯಲ್ಲಿ ಅಪಾಯವಿದ್ದರೆ ಓದುವುದನ್ನು ಬಿಟ್ಟು 112ಕ್ಕೆ ಕರೆ ಮಾಡಿ.

ಮಗುವಿನೊಳಗೆ ಏನು ನಡೆಯುತ್ತದೆ

ಮೊದಲು ನಿದ್ದೆಯ ವಿಷಯ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 6ರಿಂದ 12 ತಿಂಗಳ ಹಸುಗೂಸುಗಳನ್ನು ಮಲಗಿರುವಾಗಲೇ ಮೆದುಳಿನ ಸ್ಕ್ಯಾನ್‌ಗೆ ಒಳಪಡಿಸಿ ಸಿಟ್ಟಿನ ದನಿ ಕೇಳಿಸಿದರು. ಹೆತ್ತವರ ಜಗಳ ಹೆಚ್ಚಿದ್ದ ಮನೆಯ ಕೂಸುಗಳ ಮೆದುಳಿನಲ್ಲಿ, ಒತ್ತಡವನ್ನು ನಿಭಾಯಿಸುವ ಭಾಗಗಳು ಆ ದನಿಗೆ ಹೆಚ್ಚು ಸ್ಪಂದಿಸಿದವು. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ 2011ರ ಅಧ್ಯಯನ ಸ್ವಲ್ಪ ದೊಡ್ಡ ಮಕ್ಕಳದ್ದು. ಮನೆಯಲ್ಲಿ ಹಿಂಸೆ ಕಂಡ ಮಕ್ಕಳಿಗೆ ಸಿಟ್ಟಿನ ಮುಖದ ಚಿತ್ರ ತೋರಿಸಿದಾಗ ಅವರ ಅಮಿಗ್ಡಲಾ ಹೆಚ್ಚು ಚುರುಕಾಯಿತು. ಅಮಿಗ್ಡಲಾ ಎಂದರೆ ಅಪಾಯವನ್ನು ಗುರುತಿಸಿ ಎಚ್ಚರಿಸುವ ಮೆದುಳಿನ ಭಾಗ. ಯುದ್ಧ ಕಂಡ ಸೈನಿಕರಲ್ಲೂ ಇದೇ ಬಗೆಯ ಬದಲಾವಣೆ ಕಾಣುತ್ತದೆ.

ಅಪಾಯ ಕಂಡಾಗ ದೇಹ ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಮೈ ಬಿಗಿಯುತ್ತದೆ. ಅಪಾಯ ಕಳೆದ ಮೇಲೆ ಎಲ್ಲ ಇಳಿಯಬೇಕು. ಆದರೆ ಮುಂದಿನ ಹೊಡೆತ ಯಾವಾಗ ಎಂದು ತಿಳಿಯದ ಮನೆಯಲ್ಲಿ ಅದು ಪೂರ್ತಿ ಇಳಿಯುವುದೇ ಇಲ್ಲ. ಸಂಜೆ ಬೈಕಿನ ಸದ್ದು ಕೇಳಿದೊಡನೆ ಮಗು ಟಿವಿಯ ಸೌಂಡ್ ಇಳಿಸುತ್ತದೆ. ಗೇಟು ತೆಗೆದ ರಭಸದಲ್ಲೇ ಅಪ್ಪ ಕುಡಿದು ಬಂದಿದ್ದಾರೋ ಇಲ್ಲವೋ ಎಂದು ಅಳೆಯುತ್ತದೆ. ತಮ್ಮನ ಆಟದ ಸಾಮಾನನ್ನು ದಾರಿಯಿಂದ ಎತ್ತಿಡುತ್ತದೆ. ಅಮ್ಮನ ಮುಖವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡುತ್ತಾ ಊಟ ಮಾಡುತ್ತದೆ. ಇಷ್ಟೆಲ್ಲ ಕಾವಲು ಕಾಯುವ ತಲೆಯಲ್ಲಿ ಮಗ್ಗಿಗೆ ಜಾಗವೆಲ್ಲಿ?

ಹೊಡೆತ ಕಣ್ಣಾರೆ ಕಾಣಬೇಕೆಂದೇನೂ ಇಲ್ಲ. ಗೋಡೆಯಾಚೆಯ ಸದ್ದು, ಬೆಳಗ್ಗೆ ಕಂಡ ಒಡೆದ ಬಳೆ, ಬಾತುಕೊಂಡ ಕಣ್ಣು, ಎರಡು ದಿನದ ಮೌನ ಎಲ್ಲವೂ ಮಗುವಿನ ಲೆಕ್ಕಕ್ಕೆ ಸೇರುತ್ತವೆ.

ಹಂತ 1: ವಯಸ್ಸಿಗೆ ತಕ್ಕ ಲಕ್ಷಣಗಳನ್ನು ಗುರುತಿಸಿ

ಮಕ್ಕಳು "ನನಗೆ ಭಯವಾಗಿದೆ" ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳುವುದು ಅವರ ಮೈ, ನಿದ್ದೆ, ನಡವಳಿಕೆ.

ಮೂರು ವರ್ಷದೊಳಗಿನವರು ರಾತ್ರಿ ಬೆಚ್ಚಿ ಅಳುತ್ತಾರೆ, ಹಾಲು-ಊಟ ಬಿಡುತ್ತಾರೆ, ಅಮ್ಮನ ಸೆರಗು ಬಿಡುವುದಿಲ್ಲ. ಕಲಿತ ಮಾತು ಮರೆತಂತಾಗಬಹುದು. ಮೂರರಿಂದ ಆರು ವರ್ಷದವರಲ್ಲಿ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ. ಗೊಂಬೆಯಾಟದಲ್ಲಿ ಹೊಡೆಯುವ, ಬೈಯುವ ದೃಶ್ಯವೇ ಮತ್ತೆ ಮತ್ತೆ ಬರುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಬೆಳಗ್ಗೆ ಹೊಟ್ಟೆನೋವು, ತಲೆನೋವು. ವೈದ್ಯರು ನೋಡಿದರೆ ಏನೂ ಸಿಗುವುದಿಲ್ಲ. ಮಗು ನಾಟಕ ಮಾಡುತ್ತಿದೆ ಎಂದು ಗದರಬೇಡಿ, ನೋವು ನಿಜವಾದದ್ದೇ. ಎಷ್ಟೋ ಸಲ ಅಮ್ಮನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗಲಾರದ ಭಯ ಅದರ ಹಿಂದೆ ಇರುತ್ತದೆ.

ಹದಿಹರೆಯದವರು ತಡವಾಗಿ ಮನೆಗೆ ಬರುತ್ತಾರೆ, ಫೋನಿನೊಳಗೆ ಮುಳುಗುತ್ತಾರೆ, ಸಣ್ಣದಕ್ಕೆಲ್ಲ ಸಿಡುಕುತ್ತಾರೆ. ಕೆಲವು ಹುಡುಗರು ಅಪ್ಪನ ಮೇಲೆ ಕೈ ಎತ್ತುತ್ತಾರೆ. ಕೆಲವು ಹುಡುಗಿಯರು ತಮ್ಮ-ತಂಗಿಯರಿಗೆ ತಾವೇ ಅಮ್ಮನಾಗಿ ನಿಲ್ಲುತ್ತಾರೆ. ಕೈ ಕೊಯ್ದುಕೊಳ್ಳುವುದು, ಸಾಯುವ ಮಾತು ಕಂಡರೆ ತಡಮಾಡದೆ ಹಂತ 6ಕ್ಕೆ ಹೋಗಿ.

ಇಲ್ಲಿ ಹಿರಿಯರು ಎಡವುವ ಜಾಗ ಒಂದಿದೆ. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೇಳಿದ್ದನ್ನೆಲ್ಲ ಕೇಳುವ, ಒಳ್ಳೆ ಮಾರ್ಕ್ಸ್ ತೆಗೆಯುವ, ಏನನ್ನೂ ಕೇಳದ ಮಗು ತಪ್ಪಿಹೋಗುತ್ತದೆ. ತಾನು ಯಾವ ತಪ್ಪೂ ಮಾಡದಿದ್ದರೆ ಜಗಳ ಆಗುವುದಿಲ್ಲ ಎಂದು ಆ ಮಗು ನಂಬಿರಬಹುದು. ಅದನ್ನೂ ವಿಚಾರಿಸಿ.

ಹಂತ 2: ಮಾತಿಗೆ ಮೊದಲು ಸುರಕ್ಷತೆ

ಹಿಂಸೆ ನಡೆಯುತ್ತಲೇ ಇರುವ ಮನೆಯಲ್ಲಿ ಮಗುವಿಗೆ ಮಾತ್ರ ಕೌನ್ಸೆಲಿಂಗ್ ಕೊಡಿಸಿದರೆ ಹೆಚ್ಚು ಫಲ ಸಿಗುವುದಿಲ್ಲ. ಮಗುವಿನ ಭಯಕ್ಕೆ ಕಾರಣ ಮನೆಯಲ್ಲೇ ಇದೆ, ಆ ಭಯ ಮಗುವನ್ನು ಕಾಪಾಡುತ್ತಲೂ ಇದೆ. ಹಾಗಾಗಿ ಮೊದಲು ಯೋಜನೆ. ಯಾರೂ ಕುಡಿದಿಲ್ಲದ, ಜಗಳವಿಲ್ಲದ ಹಗಲು ಹೊತ್ತಿನಲ್ಲಿ ಇದನ್ನು ಮಾಡಿಕೊಳ್ಳಿ.

ಜಗಳ ಶುರುವಾದರೆ ಎಲ್ಲಿರಬಾರದು ಎಂದು ತಿಳಿದಿರಲಿ. ಅಡುಗೆಮನೆ ಬೇಡ, ಅಲ್ಲಿ ಚಾಕು, ಬಿಸಿ ಎಣ್ಣೆ, ಗ್ಯಾಸ್ ಇರುತ್ತವೆ. ಬಚ್ಚಲುಮನೆ ಬೇಡ, ಹೊರಗೆ ಹೋಗಲು ಬೇರೆ ದಾರಿಯಿಲ್ಲ. ಹೊರಬಾಗಿಲಿಗೆ ಹತ್ತಿರದ ಜಾಗವೇ ಒಳ್ಳೆಯದು.

ಮಗುವಿಗೆ ಒಂದೇ ನಿಯಮ ಕಲಿಸಿ: "ನಡುವೆ ಬರಬೇಡ, ಹೊರಗೆ ಹೋಗು." ಅಮ್ಮನನ್ನು ಬಿಡಿಸಲು ಹೋಗಿ ಪೆಟ್ಟು ತಿನ್ನುವ ಮಕ್ಕಳು ಬಹಳ. ಹೋಗಬೇಕಾದ ಮನೆ ಯಾವುದು ಎಂದು ಮೊದಲೇ ಗೊತ್ತಿರಲಿ, ಆ ಮನೆಯವರಿಗೂ ಹೇಳಿರಿ. ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿ. "ಪಕ್ಕದ ಮನೆಯಿಂದ ಕರಿಬೇವು ತಗೊಂಡು ಬಾ" ಎಂದರೆ ಹೊರಗೆ ಹೋಗು, ಕರೆಯುವವರೆಗೂ ಬರಬೇಡ ಎಂದು ಅರ್ಥ. ಏಳೆಂಟು ವರ್ಷ ದಾಟಿದ ಮಗುವಿಗೆ ಹೊರಗೆ ಸುರಕ್ಷಿತ ಜಾಗ ತಲುಪಿದ ಮೇಲೆ 112 ಒತ್ತುವುದನ್ನೂ, ಹೆಸರು, ಬೀದಿ, ಹತ್ತಿರದ ಗುಡಿ ಅಥವಾ ಅಂಗಡಿಯ ಗುರುತು ಹೇಳುವುದನ್ನೂ ಅಭ್ಯಾಸ ಮಾಡಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಬಾಯಿಗೆ ಬರಲಿ.

ಒಂದು ಚೀಲ ಸಿದ್ಧವಿರಲಿ. ಅದರಲ್ಲಿ ಎಲ್ಲರ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ, ರೇಷನ್ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್, ದಿನದ ಔಷಧಿ, ಒಂದು ಜೊತೆ ಬಟ್ಟೆ, ಸ್ವಲ್ಪ ನಗದು. ಜೊತೆಗೆ ಮಗು ಅಪ್ಪಿಕೊಂಡು ಮಲಗುವ ಹೊದಿಕೆಯನ್ನೋ ಗೊಂಬೆಯನ್ನೋ ಇಡಿ. ಹೊಸ ಜಾಗದ ಮೊದಲ ರಾತ್ರಿ ಅದರಷ್ಟು ಕೆಲಸಕ್ಕೆ ಬರುವುದು ಬೇರೊಂದಿಲ್ಲ. ಈ ಚೀಲವನ್ನು ಮನೆಯಲ್ಲಿ ಬಚ್ಚಿಡಬೇಡಿ, ಸಿಕ್ಕಿದರೆ ಅದೇ ಇನ್ನೊಂದು ಹೊಡೆತಕ್ಕೆ ಕಾರಣವಾಗುತ್ತದೆ. ನಂಬಿಕಸ್ಥ ಸ್ನೇಹಿತೆಯ ಅಥವಾ ನೆರೆಯವರ ಮನೆಯಲ್ಲಿರಲಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ಖರ್ಚಿಲ್ಲ.

ಫೋನಿನ ಬಗ್ಗೆ ಎಚ್ಚರ. 181 ಮಹಿಳಾ ಸಹಾಯವಾಣಿಗೆ ಮಾಡಿದ ಕರೆಯ ದಾಖಲೆಯನ್ನು ಅಳಿಸಿ. ಫೋನಿನ ಲೊಕೇಶನ್ ಬೇರೆಯವರಿಗೆ ಹೋಗುತ್ತಿದೆಯೇ ನೋಡಿ. ಗಂಡನ ಫೋನಿನಲ್ಲೂ ನಿಮ್ಮ ಗೂಗಲ್ ಖಾತೆ ತೆರೆದಿದ್ದರೆ ನೀವು ಹುಡುಕಿದ್ದೆಲ್ಲ ಅವರಿಗೂ ಕಾಣಬಹುದು.

ಕುತ್ತಿಗೆ ಹಿಸುಕಿದ್ದರೆ, ಕೊಲ್ಲುವ ಬೆದರಿಕೆ ಹಾಕಿದ್ದರೆ, ಆಯುಧ ಎತ್ತಿದ್ದರೆ ಪರಿಸ್ಥಿತಿ ಪ್ರಾಣಾಪಾಯದ್ದು. "ಒಂದೇ ಸಲ ಹಿಸುಕಿದ್ದು" ಎಂದು ಕಡೆಗಣಿಸಬೇಡಿ. ಇನ್ನೊಂದು ಮಾತು: ಹೆಂಡತಿ ಬಿಟ್ಟುಹೋಗುವ ದಿನಗಳಲ್ಲೇ ಹಿಂಸೆ ಏರುವುದು ಹೆಚ್ಚು. ಆದ್ದರಿಂದ "ನಾನು ಹೊರಟೆ" ಎಂದು ಜಗಳದ ನಡುವೆ ಘೋಷಿಸಬೇಡಿ. ಹೋಗುವುದಾದರೆ ಸದ್ದಿಲ್ಲದೆ, ಒಬ್ಬರಿಗಾದರೂ ತಿಳಿಸಿ ಹೋಗಿ.

ಹಂತ 3: ಗಲಾಟೆ ಮುಗಿದ ಮೇಲೆ ಮಗುವಿನ ಜೊತೆ ಮಾತು

ಮೊದಲ ಅರ್ಧ ಗಂಟೆ ಪ್ರಶ್ನೆ ಬೇಡ. ಮಗುವಿನ ಮೈ ಇನ್ನೂ ಅಪಾಯದಲ್ಲೇ ಇದೆ ಎಂದುಕೊಂಡಿರುತ್ತದೆ. ನೀರು ಕೊಡಿ, ಹೊದಿಕೆ ಹೊದಿಸಿ, ಒಪ್ಪಿದರೆ ಅಪ್ಪಿಕೊಳ್ಳಿ. ಬಿಸಿ ಹಾಲು ಆರಿಸುವಂತೆ ಬಾಯಿಂದ ನಿಧಾನವಾಗಿ ಉಸಿರು ಊದಿಸಿ: ಮೂರು ಎಣಿಸುತ್ತಾ ಒಳಗೆ, ಐದು ಎಣಿಸುತ್ತಾ ಹೊರಗೆ, ಐದಾರು ಸಲ. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ನೀವೂ ಜೊತೆಯಲ್ಲೇ ಮಾಡಿ.

ಮರುದಿನ, ಹೊಡೆದವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತಾಡಿ. ಉದ್ದ ವಿವರಣೆ ಬೇಕಿಲ್ಲ. ಇಷ್ಟು ಸಾಕು:

"ನಿನ್ನೆ ರಾತ್ರಿ ಗಲಾಟೆ ಆಯ್ತಲ್ಲ, ಅಪ್ಪ ನನಗೆ ಹೊಡೆದರು. ಯಾರು ಯಾರಿಗೆ ಹೊಡೆದರೂ ಅದು ತಪ್ಪು. ಅದು ನಿನ್ನಿಂದ ಆಗಿದ್ದಲ್ಲ. ಅದನ್ನ ನಿಲ್ಲಿಸೋದು ನಿನ್ನ ಕೆಲಸಾನೂ ಅಲ್ಲ. ದೊಡ್ಡವರು ನಾವು ದಾರಿ ಹುಡುಕ್ತಿದ್ದೀವಿ."

ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಐದಾರು ವರ್ಷದ ಮಕ್ಕಳು ಎಲ್ಲಕ್ಕೂ ತಾವೇ ಕಾರಣ ಎಂದುಕೊಳ್ಳುತ್ತಾರೆ. "ಜಗಳ ಯಾಕಾಯ್ತು ಅಂತ ನಿನಗೆ ಅನ್ಸುತ್ತೆ?" ಎಂದು ಕೇಳಿ ನೋಡಿ. "ನಾನು ಹಾಲು ಚೆಲ್ಲಿದ್ದಕ್ಕೆ" ಎಂಬ ಉತ್ತರ ಬರಬಹುದು. ಆ ತಪ್ಪುಕಲ್ಪನೆಯನ್ನು ಒಂದು ಸಲ ಅಲ್ಲ, ಹತ್ತು ಸಲ ತಿದ್ದಬೇಕಾಗುತ್ತದೆ.

"ಅಪ್ಪ ಕೆಟ್ಟವರಾ?" ಎಂದು ಕೇಳಿದರೆ, "ಅಪ್ಪ ಮಾಡಿದ್ದು ಕೆಟ್ಟ ಕೆಲಸ. ನಿನಗೆ ಅಪ್ಪನ ಮೇಲೆ ಪ್ರೀತಿ ಇದ್ರೂ ಪರವಾಗಿಲ್ಲ, ಸಿಟ್ಟು ಇದ್ರೂ ಪರವಾಗಿಲ್ಲ" ಎನ್ನಿ. ಎರಡೂ ಒಟ್ಟಿಗೆ ಇರಬಹುದು ಎಂದು ಯಾರಾದರೂ ಹೇಳುವುದಕ್ಕೇ ಮಗು ಕಾಯುತ್ತಿರುತ್ತದೆ.

ಮೂರು ಮಾತು ಬೇಡವೇ ಬೇಡ. "ಬಾಗಿಲು ತಗುಲಿ ಗಾಯ ಆಯ್ತು" ಎನ್ನಬೇಡಿ. ಕಣ್ಣಾರೆ ಕಂಡ ಮಗು ತನ್ನ ಕಣ್ಣನ್ನೇ ನಂಬದಂತಾಗುತ್ತದೆ. "ಇನ್ಮೇಲೆ ಹೀಗಾಗಲ್ಲ" ಎಂದು ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿಲ್ಲ. "ನೀನೂ ನಿಮ್ಮಪ್ಪನ ಥರಾನೇ" ಎಂದು ಸಿಟ್ಟಿನಲ್ಲೂ ಅನ್ನಬೇಡಿ. ಹಿಂಸೆ ಕಂಡು ಬೆಳೆದವರೆಲ್ಲ ಹೊಡೆಯುವವರಾಗುವುದಿಲ್ಲ, ಬಹಳ ಮಂದಿ ಆಗಿಲ್ಲ. ಆದರೆ ಹಣೆಪಟ್ಟಿ ಹಚ್ಚಿಸಿಕೊಂಡ ಹುಡುಗ ಅದನ್ನೇ ನಂಬಿಬಿಡಬಹುದು.

ಹಂತ 4: ಮಗುವಿಗೆ ಈ ಕೆಲಸಗಳನ್ನು ಕೊಡಬೇಡಿ

ಮಾತು ಬಿಟ್ಟ ಗಂಡ-ಹೆಂಡತಿ ನಡುವೆ "ಹೋಗಿ ನಿಮ್ಮಪ್ಪಂಗೆ ಹೇಳು" ಎಂದು ಮಗುವನ್ನು ಓಡಾಡಿಸಬೇಡಿ. "ನೀನಿರೋದಕ್ಕೇ ನಾನು ಬದುಕಿದೀನಿ" ಎಂಬ ಮಾತು ಪ್ರೀತಿಯಿಂದ ಬಂದದ್ದೇ. ಆದರೂ ಅಮ್ಮನ ಜೀವದ ಹೊಣೆ ಎಂಟು ವರ್ಷದ ಹೆಗಲಿಗೆ ಏರುತ್ತದೆ. ಆ ಮಾತನ್ನು ಅಕ್ಕನ ಹತ್ತಿರವೋ ಗೆಳತಿಯ ಹತ್ತಿರವೋ ಹೇಳಿ.

ಹಿರಿಯರಿಗೆ ಒಂದು ವಿನಂತಿ. ಮನೆಯಲ್ಲೋ ಊರಿನಲ್ಲೋ ನ್ಯಾಯ ಪಂಚಾಯಿತಿ ಕೂತಾಗ ಮಗುವನ್ನು ನಡುವೆ ನಿಲ್ಲಿಸಿ "ಯಾರು ಮೊದಲು ಹೊಡೆದ್ರು ಹೇಳು", "ನಿಂಗೆ ಅಪ್ಪ ಬೇಕಾ, ಅಮ್ಮ ಬೇಕಾ?" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಯಾವ ಉತ್ತರ ಕೊಟ್ಟರೂ ಮಗು ಒಬ್ಬರಿಗೆ ದ್ರೋಹ ಮಾಡಿದಂತೆ ನರಳುತ್ತದೆ. ರಾಜಿ ಮಾತುಕತೆ ನಡೆಯುವ ದಿನ ಮಗು ಬೇರೆ ಮನೆಯಲ್ಲಿರಲಿ.

ಹಂತ 5: ದಿನಚರಿ, ನಿದ್ದೆ, ಶಾಲೆ

ಮುಂದೇನಾಗುತ್ತದೆ ಎಂದು ಗೊತ್ತಿರುವುದೇ ಭಯಕ್ಕೆ ಮದ್ದು. ಊಟ, ಓದು, ಮಲಗುವ ಹೊತ್ತು ದಿನವೂ ಹೆಚ್ಚುಕಡಿಮೆ ಒಂದೇ ಇರಲಿ. ದಿನಕ್ಕೆ 15 ನಿಮಿಷ, ಫೋನ್ ಬದಿಗಿಟ್ಟು, ಮಗು ಹೇಳಿದ ಆಟ ಆಡಿ. ಇಷ್ಟನ್ನು ಒಬ್ಬ ಹಿರಿಯರು ತಪ್ಪದೆ ಮಾಡಿದರೆ ಸಾಕು. ಅಜ್ಜಿಯಾಗಲಿ, ಮಾವನಾಗಲಿ, ಕೈಬಿಡದ ಒಬ್ಬರು ಇದ್ದ ಮಕ್ಕಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಬೇರೆಯವರ ಮುಂದೆ ಹೇಳಬೇಡಿ. ಮಲಗುವ ಮುಂಚೆ ಒಂದೆರಡು ಗಂಟೆ ನೀರು ಕಡಿಮೆ ಮಾಡಿ, ಮಲಗುವಾಗ ಮೂತ್ರಕ್ಕೆ ಕಳಿಸಿ, ಹಾಸಿಗೆಗೆ ರಬ್ಬರ್ ಶೀಟ್ ಹಾಸಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇಲ್ಲವೆಂದು ಒಮ್ಮೆ ಪರೀಕ್ಷೆ ಮಾಡಿಸಿ.

ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಮಾತ್ರ, "ಮನೆಯಲ್ಲಿ ಕಷ್ಟ ಇದೆ, ಮಗು ಹೆದರಿದೆ, ಕರೆದೊಯ್ಯಲು ಇಂಥವರು ಮಾತ್ರ ಬರುತ್ತಾರೆ" ಎಂದು ತಿಳಿಸಿ. ಶಿಕ್ಷಕರೇ, ಆ ಮಗುವಿನ ಹಿಂದೆ ನಿಂತು ಜೋರು ದನಿ ಮಾಡಬೇಡಿ, ಸ್ಕೇಲಿನಿಂದ ಮೇಜು ಕುಟ್ಟಬೇಡಿ. ಮಗು ಏನಾದರೂ ಹೇಳಿಕೊಂಡರೆ ಸ್ಟಾಫ್ ರೂಮಿನಲ್ಲಿ ಚರ್ಚಿಸಬೇಡಿ, ಹೊಡೆದವರನ್ನು ಕರೆಸಿ "ಹೀಗಂತೆ" ಎಂದು ಕೇಳಬೇಡಿ. ಸಂಜೆ ಆ ಮಗು ಅದೇ ಮನೆಗೆ ಹೋಗಬೇಕು. 1098ಕ್ಕೆ ಕರೆ ಮಾಡಿ ಸಲಹೆ ಪಡೆಯಿರಿ.

ತವರಿಗೆ ಬಂದು ಶಾಲೆ ಬದಲಿಸಬೇಕಾದರೆ ಟಿಸಿಗಾಗಿ ಕಾದು ಕೂರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಎಂಟನೇ ತರಗತಿಯವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಟಿಸಿ ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ.

ಹಂತ 6: ವೈದ್ಯರ ಬಳಿ ಯಾವಾಗ, ಎಲ್ಲಿ

ಭಯ, ದುಃಸ್ವಪ್ನ, ಬೆಚ್ಚಿಬೀಳುವುದು ಒಂದು ತಿಂಗಳು ದಾಟಿದರೆ ತೋರಿಸಲೇಬೇಕು. ಅದು ಪಿಟಿಎಸ್‌ಡಿ ಇರಬಹುದು. ಎಂದರೆ ಆಘಾತ ಕಳೆದರೂ ಅದು ಮತ್ತೆ ನಡೆಯುತ್ತಿದೆ ಎಂಬಂತೆ ಮನಸ್ಸೂ ಮೈಯೂ ನಡೆದುಕೊಳ್ಳುವ ಸ್ಥಿತಿ. ಸಾಯುವ ಮಾತು, ಗಾಯ ಮಾಡಿಕೊಳ್ಳುವುದು, ಮಾತು ನಿಂತುಹೋಗುವುದು, ಊಟ ಪೂರ್ತಿ ಬಿಡುವುದು ಕಂಡರೆ ಅದೇ ದಿನ ಹೋಗಿ.

ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ವೈದ್ಯರಿಗೆ ಮನೆಯ ಹಿಂಸೆಯನ್ನು ಮುಚ್ಚಿಡಬೇಡಿ. ಚಡಪಡಿಕೆ, ಗಮನವಿಲ್ಲದಿರುವುದು, ನಿದ್ದೆಗೇಡು ಎಂದಷ್ಟೇ ಹೇಳಿದರೆ ಅದು ಎಡಿಎಚ್‌ಡಿ ಎಂಬ ಗಮನ ಕೊರತೆಯ ಸಮಸ್ಯೆಯಂತೆ ಕಂಡು ಚಿಕಿತ್ಸೆ ಬೇರೆ ದಾರಿ ಹಿಡಿಯಬಹುದು. ಹೊಡೆದವರನ್ನು ಜೊತೆಗೆ ಕೂರಿಸಿಕೊಂಡು ಹೋದರೆ ಮಗು ಬಾಯಿ ಬಿಡುವುದಿಲ್ಲ, ನೀವೂ ಬಿಡುವುದಿಲ್ಲ.

ಚಿಕ್ಕ ಮಕ್ಕಳಿಗೆ ಆಟದ ಮೂಲಕ, ದೊಡ್ಡವರಿಗೆ ಆಘಾತ ಕೇಂದ್ರಿತ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೊಡುತ್ತಾರೆ. ಭಯ ಹುಟ್ಟಿಸುವ ಯೋಚನೆಯನ್ನು ಗುರುತಿಸಿ ಹಂತ ಹಂತವಾಗಿ ಎದುರಿಸಲು ಅದು ಕಲಿಸುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ ಬೇಕು. ಎರಡು ಭೇಟಿಗೇ ಬಿಟ್ಟುಬಿಡುವವರು ಬಹಳ. ಮಾತ್ರೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ.

ಹಂತ 7: ಕಾನೂನನ್ನು ಮಗುವಿಗಾಗಿ ಬಳಸುವುದು

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಲ್ಲಿ ಮಕ್ಕಳಿಗೂ ರಕ್ಷಣೆ ಇದೆ, ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಸಂರಕ್ಷಣಾಧಿಕಾರಿಯಾಗಿ ಕೆಲಸ ಮಾಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ಎಲ್ಲಿ ಎಂದು ಹೇಳುತ್ತಾರೆ. ಸಿಡಿಪಿಒ ನಿಮ್ಮಿಂದ ವಿವರ ಪಡೆದು ಡಿಐಆರ್ ಎಂಬ ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುತ್ತಾರೆ. ಗಾಯದ ಫೋಟೊ, ಆಸ್ಪತ್ರೆ ಚೀಟಿ, ದಿನಾಂಕಗಳ ಪಟ್ಟಿ ಕೊಡಿ. ಮಗು ಏನು ಕಂಡಿತು, ಆಮೇಲೆ ಹೇಗಿದೆ ಎಂಬುದನ್ನೂ ಬರೆಸಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ.

ಸೆಕ್ಷನ್ 18ರಡಿ ಹೊಡೆದವರು ಮಗುವಿನ ಶಾಲೆಗೆ ಬರದಂತೆ ತಡೆಯಬಹುದು. 19ರಡಿ ಮನೆಯಲ್ಲೇ ವಾಸಿಸುವ ಹಕ್ಕು, 21ರಡಿ ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಬಹುದು. ಹೊಡೆದವರು ಮಗುವನ್ನು ಭೇಟಿಯಾಗುವುದರಿಂದ ಮಗುವಿಗೆ ಹಾನಿ ಎನಿಸಿದರೆ ಮ್ಯಾಜಿಸ್ಟ್ರೇಟರು ಆ ಭೇಟಿಯನ್ನು ನಿರಾಕರಿಸಬಹುದು. ತುರ್ತಿದ್ದರೆ 23ರಡಿ ಮಧ್ಯಂತರ ಆದೇಶ ಕೇಳಿ. ಗಂಡನ ಊರಿನ ಕೋರ್ಟಿಗೇ ಹೋಗಬೇಕೆಂದಿಲ್ಲ, ತಾತ್ಕಾಲಿಕವಾಗಿ ತವರಿನಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಮಹಿಳೆಯರಿಗೆ ವಕೀಲರ ನೆರವು ಉಚಿತ: ತಾಲ್ಲೂಕು ಕಾನೂನು ಸೇವಾ ಸಮಿತಿ, ಅಥವಾ 15100. ಒಂದು ರಾತ್ರಿ ಉಳಿಯಲು ಜಾಗ ಬೇಕಾದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಹೋಗಬಹುದು, 181ರವರು ದಾರಿ ಹೇಳುತ್ತಾರೆ.

ಕೈ ಎತ್ತುವವರು ಇದನ್ನು ಓದುತ್ತಿದ್ದರೆ

ಇಂದೇ 14416ಕ್ಕೆ ಕರೆ ಮಾಡಿ. ಕುಡಿತವಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿಯೂ ಇದೆ. ಆದರೆ ಕುಡಿತ ಬಿಟ್ಟ ಮಾತ್ರಕ್ಕೆ ಹೊಡೆತ ತಾನಾಗಿ ನಿಲ್ಲುತ್ತದೆಂದು ತಿಳಿಯಬೇಡಿ, ಎರಡಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು. ಮಗುವಿನ ಹತ್ತಿರ "ನಾನು ಹೊಡೆದದ್ದು ತಪ್ಪು, ಅಮ್ಮನದ್ದೂ ಅಲ್ಲ, ನಿನ್ನದೂ ಅಲ್ಲ" ಎಂದು ಹೇಳಿ. ಚಾಕೊಲೇಟ್ ತಂದುಕೊಟ್ಟರೆ ಆ ಮಾತು ಹೇಳಿದಂತಾಗುವುದಿಲ್ಲ.

ಬೇರೆ ಮನೆಗೆ ಬಂದ ಮೇಲೆ

ಸುರಕ್ಷಿತ ಜಾಗ ಸೇರಿದ ಮೊದಲ ವಾರಗಳಲ್ಲಿ ಮಗು ಇನ್ನಷ್ಟು ಹಟ ಮಾಡಬಹುದು, ಅಪ್ಪ ಬೇಕೆಂದು ಅಳಬಹುದು, ಅಮ್ಮನಿಗೇ ಹೊಡೆಯಬಹುದು. ಅಲ್ಲಿಯವರೆಗೆ ಒಳಗೇ ಅದುಮಿಟ್ಟಿದ್ದು ಈಗ ಹೊರಬರಲು ಧೈರ್ಯ ಮಾಡುತ್ತಿದೆ. "ಅಲ್ಲೇ ಚೆನ್ನಾಗಿತ್ತು, ಇಲ್ಲಿ ಬಂದು ಮಗು ಹಾಳಾಯ್ತು" ಎಂದು ನೆಂಟರು ಹೇಳಿದರೆ ಅದನ್ನೇ ನಂಬಿ ವಾಪಸು ಹೋಗಬೇಡಿ. ಹೊಡೆದರೆ ಕೈ ಹಿಡಿದು "ಸಿಟ್ಟು ಬರಲಿ, ಹೊಡೆಯೋದು ಬೇಡ" ಎಂದು ಮೆಲ್ಲಗೆ ಹೇಳಿ, ಅದೇ ಹೊತ್ತಿಗೆ ಊಟ ಹಾಕಿ, ಅದೇ ಹೊತ್ತಿಗೆ ಮಲಗಿಸಿ. ನಿದ್ದೆ, ಊಟ, ಜಗಳ, ಅಳು ಎಂದು ನಾಲ್ಕು ಕಾಲಂ ಮಾಡಿ ಪ್ರತಿದಿನ ಒಂದು ಸಾಲು ಬರೆದಿಡಿ. ನಾಲ್ಕು ವಾರದ ನಂತರ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಮಗು ಚೇತರಿಸಿಕೊಳ್ಳುತ್ತಿದೆಯೋ, ಹೆಚ್ಚಿನ ನೆರವು ಬೇಕೋ ಎಂದು ತೀರ್ಮಾನಿಸಲು ಅವರಿಗೆ ಅದು ಬೇಕಾಗುತ್ತದೆ.